ಒಗ್ಗರಣೆ ಡಬ್ಬಿಯೂ ಬೆಳಕಿನ ಎಲ್ಲೆಯೂ

ಒಗ್ಗರಣೆ ಡಬ್ಬಿಯಿಲ್ಲದ ಅಡುಗೆಮನೆ ನಮ್ಮಲ್ಲಿ ಇಲ್ಲ. ದುಂಡನೆಯ ಸ್ಟೀಲಿನ ಡಬ್ಬಿ, ಅದರೊಳಗೆ ಪುಟ್ಟ ಬಟ್ಟಲುಗಳು. ಒಂದರಲ್ಲಿ ಸಾಸಿವೆ, ಒಂದರಲ್ಲಿ ಜೀರಿಗೆ, ಉಳಿದವುಗಳಲ್ಲಿ ಮೆಣಸು, ಅರಿಶಿನ, ಖಾರದ ಪುಡಿ, ಮೆಂತ್ಯ. ಉಪ್ಪು ಮಾತ್ರ ಪಕ್ಕದ ಭರಣಿಯಲ್ಲಿ. ತಾಯಂದಿರ ಕೈಗೆ ಇವುಗಳ ಅಳತೆ ಗೊತ್ತು, ನಾಲಗೆಗೆ ರುಚಿ ಗೊತ್ತು, ಮೂಗಿಗೆ ಘಮ ಗೊತ್ತು. ಕಣ್ಣಿಗೆ ಇವು ಎಷ್ಟರಮಟ್ಟಿಗೆ ಗೊತ್ತು ಎಂಬ ಪ್ರಶ್ನೆ ಅರವತ್ತು ದಾಟಿದ ಮೇಲೂ ನಮ್ಮ ಮನಸ್ಸಿಗೆ ಬಂದಿರಲಿಲ್ಲ. ಕಳೆದ ಶ್ರಾವಣದಲ್ಲಿ ಬಂದಿತು. ಬರುವಾಗ ಒಂದು ತಪ್ಪನ್ನೂ ಜೊತೆಗೆ ಕರೆತಂದಿತು. ತಪ್ಪು ನಮ್ಮದೇ. ಅದನ್ನು ಮುಚ್ಚಿಡದೆ ವಾಚಕ ಬಂಧುಗಳ ಮುಂದೆ ಇಡಬೇಕೆಂಬುದು ಈ ಬರಹದ ಒಂದು ಉದ್ದೇಶ.

ಶ್ರಾವಣದಲ್ಲಿ ಪ್ರವಚನಕ್ಕಾಗಿ ಊರೂರು ತಿರುಗುವುದು ನಮ್ಮ ಬಹುಕಾಲದ ರೂಢಿ. ಕಳೆದ ವರ್ಷ ದಾವಣಗೆರೆ ಜಿಲ್ಲೆಯ ನಾಲ್ಕು ಊರುಗಳ ಭಕ್ತರು ಕರೆದಿದ್ದರು: ಜಗಳೂರು, ನ್ಯಾಮತಿ, ಹೊನ್ನಾಳಿ, ಚನ್ನಗಿರಿ. ಒಂದೊಂದು ಊರಿನಲ್ಲಿ ಒಂದೊಂದು ವಾರ. 1997ರಲ್ಲಿ ಈ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗದಿಂದ ಬಂದಿತು; ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಜಗಳೂರು ಮಳೆ ಕಾಯುವ ಬಯಲುಸೀಮೆ. ಉಳಿದ ಮೂರು ಕಡೆ ಅಡಿಕೆ ತೋಟದ ನೆರಳೂ ಉಂಟು, ಭತ್ತದ ಗದ್ದೆಯೂ ಉಂಟು. ಅಡುಗೆಮನೆಯ ಡಬ್ಬಿ ಮಾತ್ರ ನಾಲ್ಕೂ ಕಡೆ ಒಂದೇ.

ಜಗಳೂರಿನಲ್ಲಿ ಉಪ್ಪು

ಜಗಳೂರಿನಲ್ಲಿ ನಾವು ಇಳಿದುಕೊಂಡದ್ದು ಬಾಲ್ಯಸ್ನೇಹಿತರೊಬ್ಬರ ಮನೆಯಲ್ಲಿ. ಮಠದ ಪ್ರಸಾದ ನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು ನಾವಿಬ್ಬರು. ನಾವು ಸಂಸ್ಕೃತ ಪಾಠಶಾಲೆಯ ಹಾದಿ ಹಿಡಿದೆವು. ಅವರು ವಿಜ್ಞಾನ ಓದಿ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದರು. ಅವರ ಮೇಜಿನ ಮೇಲೆ ಒಂದು ಹಳೆಯ ಸೂಕ್ಷ್ಮದರ್ಶಕವಿತ್ತು. ಕೆಳಗೆ ಬಿಸಿಲನ್ನು ಮೇಲಕ್ಕೆ ತಿರುಗಿಸುವ ಕನ್ನಡಿ, ನಡುವೆ ಗಾಜಿನ ಪಟ್ಟಿ ಇಡುವ ಪೀಠ, ಅದರ ಮೇಲೆ ತಿರುಗಿಸಬಹುದಾದ ಮೂರು ಮಸೂರಗಳು, ತುದಿಯಲ್ಲಿ ಕಣ್ಣಿಡುವ ಮಸೂರ. ಎಲ್ಲಕ್ಕಿಂತ ಬಲವಾದ ಮಸೂರವನ್ನು ಕೂಡಿಸಿದರೆ ವಸ್ತು ನಾನೂರು ಪಟ್ಟು ದೊಡ್ಡದಾಗಿ ತೋರುತ್ತದೆ.

ಮೊದಲ ದಿನ ಅವರು ಭರಣಿಯಿಂದ ಒಂದು ಚಿಟಿಕೆ ಉಪ್ಪನ್ನು ತಂದು ಗಾಜಿನ ಮೇಲೆ ಉದುರಿಸಿ, "ನೋಡಪ್ಪ ಶಾಸ್ತ್ರಿ, ದಿನಾ ತಿನ್ನೋದನ್ನ ಒಂದಿನ ಕಣ್ಣಿಂದಲೂ ನೋಡು" ಎಂದರು. ಕಣ್ಣಿಟ್ಟೆವು. ಪುಡಿಯೆಂದು ತಿಳಿದಿದ್ದುದು ಪುಡಿಯಾಗಿರಲಿಲ್ಲ. ಅಚ್ಚಿನಲ್ಲಿ ಕೊಯ್ದು ಇಟ್ಟಂತೆ ಚೌಕನೆಯ ಗಾಜಿನ ಗಟ್ಟಿಗಳು. ಕೆಲವುಗಳ ಮೂಲೆ ಸವೆದಿತ್ತು, ಕೆಲವು ಒಡೆದಿದ್ದವು, ಆದರೆ ಒಡೆದಲ್ಲಿಯೂ ಚೌಕವೇ. ನಡುವೆ ಪಾರದರ್ಶಕ, ಅಂಚುಗಳು ಕಪ್ಪು. ಅಂಚು ಕಪ್ಪಾಗಿ ತೋರುವುದು ಕೊಳೆಯಿಂದಲ್ಲ, ಅಲ್ಲಿ ಬೆಳಕು ಬಾಗಿ ಮಸೂರದ ಆಚೆಗೆ ಹೊರಟುಹೋಗುವುದರಿಂದ ಎಂದು ಮೇಷ್ಟರು ತಿಳಿಸಿದರು. ಪಕ್ಕದಲ್ಲಿ ಸಕ್ಕರೆಯ ಹರಳುಗಳನ್ನು ಇಟ್ಟರು. ಅವು ಘನಾಕೃತಿಯವಲ್ಲ, ಉದ್ದನೆಯವು, ತುದಿಗಳು ಓರೆಯಾಗಿ ಕತ್ತರಿಸಿದಂತಿರುವವು. ಬರಿಗಣ್ಣಿಗೆ ಒಂದೇ ಬಿಳುಪಾದ ಎರಡು ಪುಡಿಗಳನ್ನು ನಾಲಗೆ ಮಾತ್ರ ಬೇರೆ ಮಾಡಬಲ್ಲದೆಂದು ಬಗೆದಿದ್ದೆವು, ಮಸೂರವೂ ಮಾಡಿತು.

ಆಮೇಲೆ ಒಂದು ಹನಿ ಉಪ್ಪುನೀರನ್ನು ಗಾಜಿನ ಮೇಲೆ ಬಿಟ್ಟು ಕಾದೆವು. ನೀರು ಆರುತ್ತ ಬಂದಂತೆ ಹನಿಯ ಅಂಚಿನಲ್ಲಿ ಇಲ್ಲದ ಕಡೆ ಒಂದು ಚುಕ್ಕೆ, ಚುಕ್ಕೆ ಚೌಕವಾಯಿತು, ಚೌಕ ಬೆಳೆಯಿತು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಸಮುದ್ರದ ನೀರು ಬಿಸಿಲಿಗೆ ಆರಿ ಉಪ್ಪಾಗುವಾಗ ನಡೆಯುವ ಕೆಲಸವೇ ಒಂದು ಹನಿಯಲ್ಲಿ ನಡೆಯಿತು. ಯಾವ ಕುಶಲಕರ್ಮಿಯೂ ಇಲ್ಲದೆ ಇಷ್ಟು ನೇರವಾದ ಮೂಲೆ ಹೇಗೆ ಬಂದಿತು?

ಉತ್ತರ ಒಳಗಿದೆ. ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಕಣಗಳು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು, ಮೂರು ದಿಕ್ಕಿಗೂ ಸಾಲಾಗಿ ನಿಂತಿವೆ. ಒಂದರಿಂದ ಪಕ್ಕದ ಇನ್ನೊಂದಕ್ಕೆ 0.28 ನ್ಯಾನೊಮೀಟರ್, ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲೇ ನ್ಯಾನೊಮೀಟರ್. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಸಣ್ಣ ಉಪ್ಪಿನ ಹರಳಿನ ಒಂದು ಅಂಚಿನ ಉದ್ದಕ್ಕೆ ಸುಮಾರು ಹತ್ತು ಲಕ್ಷ ಕಣಗಳು ಕೈಹಿಡಿದು ನಿಂತಿರುತ್ತವೆ. ಆ ಸಾಲಿನ ಶಿಸ್ತೇ ಹೊರಗೆ ಘನಾಕೃತಿಯಾಗಿ ಕಾಣುವುದು. ಇದನ್ನು 1913ರಲ್ಲಿ ಇಂಗ್ಲೆಂಡಿನ ಬ್ರಾಗ್ ತಂದೆಮಕ್ಕಳು ತಿಳಿದುಕೊಂಡರು. ಕಣ್ಣಿನಿಂದ ಕಂಡಲ್ಲ, ಕ್ಷ-ಕಿರಣಗಳನ್ನು ಹರಳಿನ ಮೂಲಕ ಹಾಯಿಸಿ. 1915ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಮಗನ ವಯಸ್ಸು ಇಪ್ಪತ್ತೈದು.

"ಇದು ಅಯೋಡಿನ್ ಉಪ್ಪಲ್ಲವೆ, ಅಯೋಡಿನ್ ಎಲ್ಲಿದೆ ತೋರಿಸಿ" ಎಂದೆವು. ಮೇಷ್ಟರು ನಕ್ಕರು. ಗಳಗಂಡ ರೋಗ ಬರದಿರಲೆಂದು ಸೇರಿಸುವ ಆ ಲವಣ ಒಂದು ಕಿಲೋ ಉಪ್ಪಿನಲ್ಲಿ ಕೆಲವೇ ಮಿಲಿಗ್ರಾಂ. ಹರಳಿನ ಮೈಗೆ ತೆಳುವಾಗಿ ಅಂಟಿಕೊಂಡದ್ದು ಈ ಮಸೂರಕ್ಕೆ ಬೇರೆಯಾಗಿ ತೋರದು. "ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ" ಎಂದರು. ಮಾತು ನಮಗೆ ಹಿಡಿಸಿತು. ಅಂದಿನ ಸಂಜೆಯ ಪ್ರವಚನದಲ್ಲಿ ಅದನ್ನೇ ಹೇಳಿ ಭಕ್ತರ ಮೆಚ್ಚುಗೆಯನ್ನೂ ಪಡೆದೆವು. ಹೇಳುವುದು ಸುಲಭ, ನೆನಪಿಡುವುದು ಕಷ್ಟವೆಂಬುದು ಮುಂದೆ ತಿಳಿಯಿತು.

ಹೊರಡುವಾಗ ಮೇಷ್ಟರು ಸೂಕ್ಷ್ಮದರ್ಶಕವನ್ನು ಅದರ ಮರದ ಪೆಟ್ಟಿಗೆಯಲ್ಲಿಟ್ಟು, ಶ್ರಾವಣ ಮುಗಿಯುವವರೆಗೆ ಇರಲೆಂದು ಕೈಗೆ ಕೊಟ್ಟರು. ಜೊತೆಗೆ ಒಂದು ಸೀಸೆ. ಅದರಲ್ಲಿ ನೀರು ಮತ್ತು ಹತ್ತು ಕಾಳು ಕುಟ್ಟಿದ ಮೆಣಸು. "ಎಂಟು ದಿನ ಬಿಟ್ಟು ಇದರ ಒಂದು ಹನಿ ನೋಡು" ಎಂಬ ಸೂಚನೆ.

ನ್ಯಾಮತಿಯಲ್ಲಿ ಮೆಣಸು

ನ್ಯಾಮತಿ ತಾಲ್ಲೂಕಿನಲ್ಲಿಯೇ ಸೂರಗೊಂಡನಕೊಪ್ಪವಿದೆ. ಬಂಜಾರ ಬಂಧುಗಳು ತಮ್ಮ ಗುರು ಸೇವಾಲಾಲರ ಜನ್ಮಸ್ಥಳವೆಂದು ನಡೆದುಕೊಳ್ಳುವ ಕ್ಷೇತ್ರವದು. ರೈಲು ಲಾರಿಗಳಿಲ್ಲದ ಕಾಲದಲ್ಲಿ ಎತ್ತುಗಳ ಹೇರಿನ ಮೇಲೆ ಉಪ್ಪನ್ನೂ ಧಾನ್ಯವನ್ನೂ ನಾಡಿನ ಉದ್ದಗಲಕ್ಕೆ ಸಾಗಿಸಿದವರು ಇವರ ಹಿರಿಯರು. ಲಂಬಾಣಿ ಎಂಬ ಹೆಸರೇ ಲವಣದಿಂದ ಬಂದಿತೆಂದು ಹೇಳುವವರಿದ್ದಾರೆ. ಉಪ್ಪು ಕರಾವಳಿಯಿಂದ ಮೇಲೆ ಬಂದರೆ, ಮಲೆನಾಡಿನ ಮೆಣಸು ಕರಾವಳಿಗೆ ಇಳಿಯುತ್ತಿತ್ತು.

ನಮ್ಮ ಆತಿಥೇಯರ ಅಡಿಕೆ ತೋಟದಲ್ಲಿ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಅವರ ಮನೆಯ ಮೆಣಸನ್ನು ಕುಟ್ಟಿ ಮಸೂರದಡಿ ಇಟ್ಟೆವು. ಸಿಪ್ಪೆಯ ಕಂದು ಚೂರುಗಳು, ಎಣ್ಣೆಯ ಸಣ್ಣ ಹನಿಗಳು, ತಿರುಳಿನಿಂದ ಉದುರಿದ ಲೆಕ್ಕವಿಲ್ಲದಷ್ಟು ಪಿಷ್ಟದ ಕಣಗಳು ಕಂಡವು. ಈ ಕಣಗಳು ಎರಡರಿಂದ ಐದಾರು ಮೈಕ್ರೋಮೀಟರ್ ಅಷ್ಟೇ. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಎಲ್ಲವೂ ಕಂಡಿತು. ಖಾರ ಮಾತ್ರ ಕಾಣಲಿಲ್ಲ.

ಮೆಣಸಿನಲ್ಲಿ ಖಾರವನ್ನು ಕಣ್ಣಿನಿಂದ ಹುಡುಕಿದವರಲ್ಲಿ ನಾವು ಮೊದಲಿಗರಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದ. ತಾನೇ ಉಜ್ಜಿ ಮಾಡಿದ ಸಣ್ಣ ಮಸೂರಗಳಿಂದ ಕೈಗೆ ಸಿಕ್ಕಿದ್ದನ್ನೆಲ್ಲ ನೋಡುವುದು ಅವನ ಹುಚ್ಚು. ಮೆಣಸಿನ ಕಣಗಳಿಗೆ ಸೂಕ್ಷ್ಮವಾದ ಮುಳ್ಳುಗಳಿರಬೇಕು, ಅವು ನಾಲಗೆಗೆ ಚುಚ್ಚುವುದೇ ಖಾರವಿರಬೇಕು ಎಂದು ಅವನು ಊಹಿಸಿ, ಮೆಣಸನ್ನು ನೀರಿನಲ್ಲಿ ನೆನೆಹಾಕಿ ಕೆಲವು ವಾರ ಇಟ್ಟು 1676ರಲ್ಲಿ ಪರೀಕ್ಷಿಸಿದ. ಮುಳ್ಳು ಸಿಗಲಿಲ್ಲ. ಅದರ ಬದಲು ನೀರಿನಲ್ಲಿ ಅಸಂಖ್ಯ ಜೀವಿಗಳು ಈಜಾಡುತ್ತಿದ್ದವು. ಅದೇ ವರ್ಷದ ಅಕ್ಟೋಬರ್ 9ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಉದ್ದನೆಯ ಪತ್ರ ಬರೆದ. ಅಲ್ಲಿಯವರಿಗೆ ನಂಬಿಕೆ ಬರಲಿಲ್ಲ. ರಾಬರ್ಟ್ ಹುಕ್ ಎಂಬ ವಿಜ್ಞಾನಿ ತಾನೇ ಮೆಣಸಿನ ನೀರು ಮಾಡಿಟ್ಟು 1677ರಲ್ಲಿ ಕಣ್ಣಾರೆ ಕಂಡ ಮೇಲೆಯೇ ಒಪ್ಪಿದರು. ಮನುಷ್ಯನು ಬ್ಯಾಕ್ಟೀರಿಯಾವನ್ನು ಮೊದಲು ಕಂಡ ವೃತ್ತಾಂತದಲ್ಲಿ ನಮ್ಮ ಅಡುಗೆಮನೆಯ ಮೆಣಸಿಗೆ ಹೀಗೊಂದು ಸ್ಥಾನವಿದೆ.

ಆ ವರ್ಷಗಳಲ್ಲಿ ಕೆಳದಿಯ ಸಿಂಹಾಸನದಲ್ಲಿ ಚೆನ್ನಮ್ಮಾಜಿ ಇದ್ದರು. ಪಶ್ಚಿಮ ಕರಾವಳಿಯ ಮೆಣಸಿಗಾಗಿ ಡಚ್ಚರ, ಪೋರ್ಚುಗೀಸರ ಹಡಗುಗಳು ಸಾಲುಗಟ್ಟುತ್ತಿದ್ದ ಕಾಲವದು. ಕೆಳದಿಯ ಭಂಡಾರಕ್ಕೆ ಮೆಣಸು ದೊಡ್ಡ ಆದಾಯ. ಚನ್ನಗಿರಿಗೆ ಆ ರಾಣಿಯ ಹೆಸರೇ ಬಂದಿತೆಂದು ಆ ಊರಿನವರು ಹೇಳುತ್ತಾರೆ.

ಎಂಟನೆಯ ದಿನ ಮೇಷ್ಟರ ಸೀಸೆಯ ಮುಚ್ಚಳ ತೆಗೆದೆವು. ವಾಸನೆ ಹೇಳತಕ್ಕದ್ದಲ್ಲ. ಒಂದು ಹನಿಯನ್ನು ಇಟ್ಟು ನೋಡಿದರೆ, ಅಲ್ಲಿ ಸಂತೆಯೇ ನೆರೆದಿತ್ತು. ದುಂಡನೆಯವು ಹೊರಳುತ್ತಿದ್ದವು; ಕಡ್ಡಿಯಂಥವು ಬಹು ಸಣ್ಣವು, ಇದ್ದವೋ ಇಲ್ಲವೋ ಎಂಬಂತೆ ನಡುಗುತ್ತಿದ್ದವು. ಆತಿಥೇಯರ ಮೊಮ್ಮಗಳು ನೋಡಿ, "ಅಜ್ಜಾರೆ, ಆ ಕಡ್ಡಿಗಳನ್ನ ಇನ್ನೂ ದೊಡ್ಡದು ಮಾಡಿ" ಎಂದಳು. ಇನ್ನೂ ದೊಡ್ಡದು ಮಾಡುವುದಕ್ಕೆ ಏನು ಅಡ್ಡಿ? ಈ ಪ್ರಶ್ನೆಯನ್ನು ಹೊತ್ತು ಹೊನ್ನಾಳಿಗೆ ಬಂದೆವು.

ಬೆಳಕಿನ ಎಲ್ಲೆ

ಹೊನ್ನಾಳಿಯ ಕಾಲೇಜೊಂದರ ಭೌತಶಾಸ್ತ್ರದ ಉಪನ್ಯಾಸಕರು ಪ್ರವಚನಕ್ಕೆ ಬರುತ್ತಿದ್ದರು. ಅವರನ್ನು ಕೇಳಿದಾಗ ಮರುದಿನ ಬೆಳಿಗ್ಗೆ ನಮ್ಮನ್ನು ತುಂಗಭದ್ರೆಯ ದಡಕ್ಕೆ ಕರೆದೊಯ್ದರು. ಹೊಳೆ ತುಂಬಿತ್ತು. ದಡದ ಬಳಿ ನಿಂತ ನೀರಿನಲ್ಲಿ ಗಾಳಿಗೆ ಸಣ್ಣ ಅಲೆಗಳು. ಒಂದೆಡೆ ದೊಡ್ಡ ಬಂಡೆ, ಒಂದೆಡೆ ಜೊಂಡಿನ ಒಂದೇ ಕಡ್ಡಿ. ಬಂಡೆಗೆ ಬಡಿದ ಅಲೆ ಹಿಂದಿರುಗುತ್ತಿತ್ತು, ಬಂಡೆಯ ಹಿಂದೆ ನೀರು ಶಾಂತವಾಗಿತ್ತು. ಅಲ್ಲಿ ಏನೋ ಇದೆಯೆಂಬುದನ್ನು ಅಲೆಯೇ ಹೇಳುತ್ತಿತ್ತು. ಜೊಂಡಿನ ಕಡ್ಡಿಯನ್ನು ಅಲೆ ಲೆಕ್ಕಕ್ಕೆ ತೆಗೆದುಕೊಳ್ಳದೆ ದಾಟಿ ಮುಂದೆ ಹೋಗುತ್ತಿತ್ತು. "ಬೆಳಕೂ ಒಂದು ಅಲೆ. ಅಲೆಗಿಂತ ಬಹಳ ಸಣ್ಣದಾದ ವಸ್ತು ಅಲೆಯ ಮೇಲೆ ಗುರುತು ಬಿಡುವುದಿಲ್ಲ" ಎಂದು ಅವರು ಹೇಳಿದರು.

ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಂದು ಅಲೆಯ ಉದ್ದ, ನೇರಳೆಯಲ್ಲಿ ಸುಮಾರು 400 ನ್ಯಾನೊಮೀಟರ್, ಕೆಂಪಿನಲ್ಲಿ ಸುಮಾರು 700. ಮಸೂರದ ಮೂಲಕ ಹಾದು ಬಂದ ಬೆಳಕಿನ ಚುಕ್ಕೆ ಎಂದೂ ಚುಕ್ಕೆಯಾಗಿ ಉಳಿಯದು. ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಎರಡು ಚುಕ್ಕೆಗಳು ತೀರ ಹತ್ತಿರವಿದ್ದರೆ ಎರಡು ಬಿಲ್ಲೆಗಳೂ ಕೂಡಿ ಒಂದಾಗುತ್ತವೆ. ರಾತ್ರಿ ದೂರದಿಂದ ಬರುವ ಲಾರಿಯ ಎರಡು ದೀಪಗಳು ಮೊದಲು ಒಂದೇ ಆಗಿ ತೋರಿ, ಸಮೀಪಿಸಿದಂತೆ ಎರಡಾಗುವುದನ್ನು ಎಲ್ಲರೂ ಕಂಡಿದ್ದೇವೆ. ಸೂಕ್ಷ್ಮದರ್ಶಕದಲ್ಲಿ ಒಂದು ಹಂತದ ಆಚೆಗೆ ಆ ಲಾರಿ ಹತ್ತಿರ ಬರುವುದೇ ಇಲ್ಲ.

ಆ ಹಂತ ಯಾವುದೆಂದು ಲೆಕ್ಕ ಹಾಕಿ ತೋರಿಸಿದವನು ಜರ್ಮನಿಯ ಯೇನಾ ನಗರದ ಅರ್ನ್ಸ್ಟ್ ಅಬ್ಬೆ, 1873ರಲ್ಲಿ. ಬೆಳಕಿನ ಅಲೆಯುದ್ದವನ್ನು, ಮಸೂರವು ಎಷ್ಟು ಅಗಲವಾಗಿ ಹರಡಿದ ಬೆಳಕನ್ನು ಒಳಕ್ಕೆ ತೆಗೆದುಕೊಳ್ಳಬಲ್ಲದೆಂಬ ಅಂಕೆಯ ಎರಡರಷ್ಟರಿಂದ ಭಾಗಿಸಬೇಕು. ಅದಕ್ಕಿಂತ ಹತ್ತಿರವಿರುವ ಎರಡು ಗೆರೆಗಳನ್ನು ಆ ಮಸೂರ ಬೇರೆಬೇರೆಯಾಗಿ ತೋರಿಸಲಾರದು. ನಮ್ಮ ಮಸೂರದ ಕವಚದ ಮೇಲೆ 0.65 ಎಂದು ಕೆತ್ತಿದ್ದ ಅಂಕೆಯ ಅರ್ಥ ಆಗ ತಿಳಿಯಿತು. ಹಸಿರು ಬೆಳಕಿನ 550 ನ್ಯಾನೊಮೀಟರನ್ನು 1.3ರಿಂದ ಭಾಗಿಸಿದರೆ ಸುಮಾರು 420. ಅಲ್ಲಿಗೆ ನಮ್ಮ ಯಂತ್ರದ ಎಲ್ಲೆ ಮುಗಿಯಿತು. ಮಸೂರಕ್ಕೂ ಗಾಜಿಗೂ ನಡುವೆ ಎಣ್ಣೆಯ ಹನಿಯಿಟ್ಟು ನೋಡುವ ಅತ್ಯುತ್ತಮ ಮಸೂರಗಳಲ್ಲಿ ಆ ಅಂಕೆ 1.4, ಅಲ್ಲಿಯೂ ಎಲ್ಲೆ ಸುಮಾರು 200 ನ್ಯಾನೊಮೀಟರ್. ಇನ್ನೂ ಬಲವಾದ ಕಣ್ಣುಮಸೂರ ಹಾಕಿದರೆ ಚಿತ್ರ ದೊಡ್ಡದಾದೀತು, ವಿವರ ಹೆಚ್ಚದು. ಪತ್ರಿಕೆಯಲ್ಲಿ ಅಚ್ಚಾದ ಭಾವಚಿತ್ರವನ್ನು ಹಿಗ್ಗಿಸಿದರೆ ಮುಖ ಹತ್ತಿರ ಬರದೆ ಶಾಯಿಯ ಚುಕ್ಕೆಗಳಷ್ಟೇ ದಪ್ಪಗಾಗುವ ಹಾಗೆ.

ಅಬ್ಬೆಯ ಈ ಸೂತ್ರವನ್ನು ಯೇನಾದಲ್ಲಿ ಅವನ ಸ್ಮಾರಕದ ಕಲ್ಲಿನ ಮೇಲೆ ಕೆತ್ತಿದ್ದಾರೆ. ಅವನ ತಂದೆ ನೂಲಿನ ಗಿರಣಿಯ ಕಾರ್ಮಿಕ. ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ನಿಂತು ದುಡಿದವನು. ಮಗ ಮುಂದೆ ಸೈಸ್ ಮಸೂರ ಕಾರ್ಖಾನೆಯ ಒಡೆತನದ ಪಾಲು ಪಡೆದಾಗ, ಅದನ್ನು ಮನೆಗೆ ಒಯ್ಯದೆ 1889ರಲ್ಲಿ ಸ್ಥಾಪಿಸಿದ ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿದ. 1900ರಲ್ಲಿ ಅಲ್ಲಿಯ ಕೆಲಸಗಾರರಿಗೆ ದಿನಕ್ಕೆ ಎಂಟೇ ಗಂಟೆಯ ದುಡಿಮೆ ಎಂದು ನಿಶ್ಚಯಿಸಿದ. ಹತ್ತಿ ಗಿರಣಿಗಳ ಊರಾಗಿ ಹೆಸರಾಗಿದ್ದ ದಾವಣಗೆರೆಯ ಹಿರಿಯರಿಗೆ ಈ ಸಂಗತಿಯ ಬೆಲೆ ತಿಳಿದೀತು. ಕಾಯಕ ದಾಸೋಹಗಳನ್ನು ಬಲ್ಲ ನಮ್ಮ ಮನೆಗಳಿಗೂ ಇದು ಪರಕೀಯವೆನಿಸದು.

ಇನ್ನು ಮೆಣಸಿನ ಖಾರ. ಅದು ಪೈಪರಿನ್ ಎಂಬ ವಸ್ತು. 1819ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಅದನ್ನು ಬೇರ್ಪಡಿಸಿದ. ಅದರ ಒಂದು ಅಣು ಒಂದೆರಡು ನ್ಯಾನೊಮೀಟರ್ ಉದ್ದ; ಬೆಳಕಿನ ಎಲ್ಲೆಗಿಂತ ನೂರು ಪಟ್ಟು ಕಿರಿದು. ಲೇವನ್‌ಹುಕ್ ಇನ್ನೂ ನೂರು ವರ್ಷ ಮಸೂರ ಉಜ್ಜಿದ್ದರೂ ಅದು ಅವನಿಗೆ ಕಾಣುತ್ತಿರಲಿಲ್ಲ. ಕೆಂಪು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂಡ ಹಾಗೆಯೇ. ಅದು ಬೀಜದಲ್ಲಿದೆಯೆಂದು ಜನ ತಿಳಿದಿದ್ದಾರೆ. ನಿಜವಾಗಿ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ.

ನಾವು ಕೊಟ್ಟ ತೀರ್ಪು

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಡೆದುದನ್ನು ಈಗ ಹೇಳುತ್ತೇವೆ.

ಹೊನ್ನಾಳಿಯಲ್ಲಿ ನಾವು ಪ್ರಸಾದ ಸ್ವೀಕರಿಸುತ್ತಿದ್ದ ಮನೆಯ ಸೊಸೆಯ ತವರು ಚನ್ನಗಿರಿ. ತವರಿನಿಂದ ಅರಿಶಿನದ ಪುಡಿ ತರುವುದು ಆಕೆಯ ರೂಢಿ. ಅಲ್ಲಿಯ ಸಣ್ಣ ಕಿರಾಣಿ ಅಂಗಡಿಯವರೊಬ್ಬರು ಕೊಂಬು ತರಿಸಿ ತಾವೇ ಬೀಸಿ ಮಾರುತ್ತಿದ್ದರು. ಬೆಂಗಳೂರಿನಲ್ಲಿದ್ದ ಮಗ ತಂದ ಹೊಳೆಯುವ ಪೊಟ್ಟಣದ ಅರಿಶಿನವೂ ಮನೆಯಲ್ಲಿತ್ತು. ಒಂದು ಮಂದ, ಒಂದು ಕಣ್ಣು ಕುಕ್ಕುವಷ್ಟು ಹಳದಿ. ಅಂಗಡಿಯದರಲ್ಲಿ ಹಿಟ್ಟು ಬೆರೆತಿದೆಯೆಂದು ಅತ್ತೆಯವರಿಗೆ ಸಂಶಯ. ಪೆಟ್ಟಿಗೆ ತೆರೆದು ನಾವು ನ್ಯಾಯಕ್ಕೆ ಕುಳಿತೆವು.

ಹಿಟ್ಟಿನ ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಕಡುನೀಲಿಯಾಗುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮನೆಯಲ್ಲಿದ್ದ ಟಿಂಕ್ಚರ್ ಅಯೋಡಿನ್ನಿನ ಒಂದು ಹನಿ ಬಿಟ್ಟೆವು. ಅಂಗಡಿಯ ಅರಿಶಿನದ ಮುದ್ದೆಗಳು ಮಸೂರದಡಿ ಕಪ್ಪು ನೀಲಿಗೆ ತಿರುಗಿದವು. "ಹಿಟ್ಟಿದೆ" ಎಂದೆವು. ಪೊಟ್ಟಣದ್ದನ್ನು ಬರಿಯ ನೀರಿನಲ್ಲಿಟ್ಟು ನೋಡಿದೆವು. ಪರಕೀಯವೆನಿಸುವ ಒಂದು ಕಣವೂ ಇರಲಿಲ್ಲ. "ಇದು ಶುದ್ಧ" ಎಂದೆವು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಸಂಜೆಯ ಪ್ರವಚನದಲ್ಲಿ ಕಲಬೆರಕೆಯ ಪಾಪವನ್ನು ಕುರಿತು ಮಾತನಾಡುತ್ತ, ಹೆಸರು ಹೇಳದಿದ್ದರೂ, ಚನ್ನಗಿರಿಯ ಅಂಗಡಿಯೊಂದರ ಅರಿಶಿನವೆಂದುಬಿಟ್ಟೆವು. ಸ್ವತಃ ಬೀಸಿ ಮಾರುವವರು ಅಲ್ಲಿ ಎಷ್ಟು ಮಂದಿ? ಸಭೆ ಮುಗಿಯುವುದರೊಳಗೆ ಮೊಬೈಲುಗಳ ಮೂಲಕ ಮಾತು ಊರು ಸೇರಿತ್ತು.

ರಾತ್ರಿ ಜಗಳೂರಿಗೆ ಫೋನು ಮಾಡಿ ನಮ್ಮ ಸಾಧನೆಯನ್ನು ಹೇಳಿಕೊಂಡೆವು. ಮೇಷ್ಟರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಿಲ್ಲಪ್ಪ ಶಾಸ್ತ್ರಿ. ಅರಿಶಿನ ಅಂದರೆ ಗೆಡ್ಡೆ ಅಲ್ಲೇನು? ಗೆಡ್ಡೆಯಲ್ಲಿ ಪಿಷ್ಟ ಇರೋದಿಲ್ಲೇನು? ಪೊಟ್ಟಣದ್ದಕ್ಕೆ ಯಾಕೆ ಅಯೋಡಿನ್ ಹಾಕಲಿಲ್ಲ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿದ್ರೆಯೂ ಇರಲಿಲ್ಲ.

ಮರುಪರೀಕ್ಷೆ

ಮರುದಿನ ಮೊದಲ ಬಸ್ಸಿಗೆ ಹೊರಟು ಮೇಷ್ಟರು ಹೊನ್ನಾಳಿಗೆ ಬಂದರು. ಉಪನ್ಯಾಸಕರ ಪ್ರಯೋಗಶಾಲೆಯಲ್ಲಿ ಮೂರು ಗಾಜಿನ ಪಟ್ಟಿಗಳು ಸಿದ್ಧವಾದವು: ಅಂಗಡಿಯ ಅರಿಶಿನ, ಪೊಟ್ಟಣದ ಅರಿಶಿನ, ಹೋಲಿಸಿ ನೋಡಲು ಮನೆಯ ಮೆಕ್ಕೆಜೋಳದ ಹಿಟ್ಟು. ಮೆಕ್ಕೆಜೋಳದ ಪಿಷ್ಟದ ಕಣಗಳು ಬಿಡಿಬಿಡಿಯಾಗಿ, ಹಲವು ಮೂಲೆಗಳುಳ್ಳವಾಗಿ, ನಟ್ಟನಡುವೆ ಚುಕ್ಕೆ ಅಥವಾ ನಕ್ಷತ್ರದಂಥ ಸೀಳುಳ್ಳವಾಗಿ ಕಂಡವು. ಅರಿಶಿನದಲ್ಲಿ ಅಂಥ ಒಂದು ಕಣವೂ ಇಲ್ಲ. ಆಕಾರವಿಲ್ಲದ ಹಳದಿ ಮುದ್ದೆಗಳು ಮಾತ್ರ. ಕಾರಣ ಸರಳ. ಕಿತ್ತ ಅರಿಶಿನವನ್ನು ರೈತರು ಬೇಯಿಸಿ ಒಣಗಿಸುತ್ತಾರೆ. ಬೇಯುವಾಗ ಗೆಡ್ಡೆಯ ಪಿಷ್ಟ ಗಂಜಿಗಟ್ಟಿ, ಹಳದಿ ಹೀರಿಕೊಂಡು ಮುದ್ದೆಯಾಗುತ್ತದೆ. ಅಯೋಡಿನ್ನಿಗೆ ನೀಲಿಯಾದದ್ದು ಅರಿಶಿನದ ಸ್ವಂತ ಪಿಷ್ಟವೇ.

ಉಪನ್ಯಾಸಕರು ಇನ್ನೊಂದು ಸಾಕ್ಷಿ ತೋರಿಸಿದರು. ಗಾಜಿನ ಕೆಳಗೊಂದು, ಮೇಲೊಂದು ಪೋಲರಾಯ್ಡ್ ಹಾಳೆಯನ್ನು ಅಡ್ಡಡ್ಡಲಾಗಿಟ್ಟು ಬೆಳಕನ್ನು ಕತ್ತಲಾಗಿಸಿದರು. ಆ ಕತ್ತಲಲ್ಲಿ ಜೋಳದ ಪ್ರತಿಯೊಂದು ಹಸಿ ಕಣವೂ ಕಪ್ಪು ಕೂಡುಗುರುತನ್ನು ಹೊತ್ತು ದೀಪದಂತೆ ಬೆಳಗಿತು. ಬೆಂದ ಪಿಷ್ಟ ಈ ಗುಣವನ್ನು ಕಳೆದುಕೊಳ್ಳುತ್ತದೆ. ಅರಿಶಿನದ ಮುದ್ದೆಗಳು ಕತ್ತಲಾಗಿಯೇ ಉಳಿದವು. ಹಸಿ ಹಿಟ್ಟು ಬೆರೆಸಿದ್ದರೆ ಅಲ್ಲಲ್ಲಿ ದೀಪ ಹೊತ್ತಬೇಕಿತ್ತು. ಒಂದೂ ಹೊತ್ತಲಿಲ್ಲ. ನಾವು ಆರೋಪಿಸಿದ ಹಿಟ್ಟು ಅಂಗಡಿಯ ಅರಿಶಿನದಲ್ಲಿ ಇರಲಿಲ್ಲ.

ಪೊಟ್ಟಣದ್ದಕ್ಕೆ ಅವರು ಮಸೂರವನ್ನೇ ಬಳಸಲಿಲ್ಲ. ಎರಡನ್ನೂ ಬೇರೆಬೇರೆ ನಳಿಕೆಗಳಲ್ಲಿ ಕದಡಿ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟರು. ಎರಡೂ ಕೆಂಪಾದವು. ಆಮೇಲೆ ನೀರು ಸುರಿದರು. ಅಂಗಡಿಯದರ ಕೆಂಪು ಮಾಯವಾಯಿತು. ಪೊಟ್ಟಣದ್ದರ ಕೆಂಗುಲಾಬಿ ಬಣ್ಣ ನಿಂತೇ ಇತ್ತು. ಮೆಟಾನಿಲ್ ಎಲ್ಲೋ ಎಂಬ, ಆಹಾರಕ್ಕೆ ನಿಷಿದ್ಧವಾದ ಬಣ್ಣದ ಲಕ್ಷಣವದು. ಅದರ ಅಣುವೂ ಒಂದೆರಡು ನ್ಯಾನೊಮೀಟರ್ ಮಾತ್ರ. ಅರಿಶಿನದ ಕಣಗಳಿಗೆ ಹತ್ತಿಕೊಂಡರೆ ಯಾವ ಮಸೂರಕ್ಕೂ ಬೇರೆಯಾಗಿ ಕಾಣದು. "ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ" ಎಂದು ಜಗಳೂರಿನಲ್ಲಿ ಕೇಳಿ ಪ್ರವಚನ ಮಾಡಿದ್ದವರು ನಾವೇ. ಶುದ್ಧವಾದುದಕ್ಕೆ ಕಳಂಕ ಹಚ್ಚಿದೆವು, ಸಂಶಯಕ್ಕೆ ಯೋಗ್ಯವಾದುದಕ್ಕೆ ಪ್ರಮಾಣಪತ್ರ ಕೊಟ್ಟೆವು. ಮಸೂರ ಎರಡು ಕಡೆಯೂ ಸುಳ್ಳು ಹೇಳಿರಲಿಲ್ಲ. ಅದು ಹೇಳದಿದ್ದುದನ್ನು ನಾವು ಸೇರಿಸಿ ಓದಿದ್ದೆವು.

ನಳಿಕೆಯ ಪರೀಕ್ಷೆಯೂ ಸಂಶಯವನ್ನಷ್ಟೇ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು ಎಂದು ಮೇಷ್ಟರು ಎಚ್ಚರಿಸಿದರು. 2006ರ ಆಹಾರ ಸುರಕ್ಷತೆ ಕಾಯಿದೆಯಲ್ಲಿ, ಕೊಂಡವರೇ ಶುಲ್ಕ ಕೊಟ್ಟು ಪದಾರ್ಥವನ್ನು ಅಧಿಕೃತ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳುವ ಅವಕಾಶವಿದೆ. ಮನೆಯವರು ಆ ದಾರಿ ಹಿಡಿದರು. ಪೊಟ್ಟಣದ ಹೆಸರನ್ನು ನಾವು ಎಲ್ಲಿಯೂ ಎತ್ತಲಿಲ್ಲ.

ಚನ್ನಗಿರಿಯಲ್ಲಿ

ಕೊನೆಯ ವಾರ ಚನ್ನಗಿರಿ. ಊರು ಸೇರಿದ ಕೂಡಲೇ ಅಂಗಡಿಗೆ ಹೋದೆವು. ಸಂಜೆಯ ಹೊತ್ತು, ಎದುರಿನ ಅಂಗಡಿಯಲ್ಲಿ ಜನ, ಇಲ್ಲಿ ಇಬ್ಬರೇ. ಅಂಗಡಿಯವರು ಎದ್ದು ನಿಂತು ಕೈಮುಗಿದರು, ಮಾತನಾಡಲಿಲ್ಲ. ನಡೆದುದನ್ನು ಹೇಳಿದೆವು: ನೋಡಿದ್ದು ಇಷ್ಟು, ಹೇಳಿದ್ದು ಅದಕ್ಕಿಂತ ಹೆಚ್ಚು, ತಪ್ಪು ನಮ್ಮದು, ಕ್ಷಮಿಸಬೇಕು. ಅವರು ತಕ್ಕಡಿಯ ಬಟ್ಟಲನ್ನು ಒರೆಸುತ್ತ, "ಗುರುಗಳೆ, ನೀವು ಮೊದಲು ಹೇಳಿದ್ದನ್ನ ಒಂದೇ ರಾತ್ರಿಲಿ ಊರು ನಂಬಿತು. ಈಗ ಹೇಳೋದನ್ನ ನಂಬೋಕೆ ಎಷ್ಟು ದಿನ ಬೇಕೋ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು.

ಏಳು ದಿನವೂ ಪ್ರವಚನದ ಆರಂಭದಲ್ಲಿ ನಮ್ಮ ತಪ್ಪನ್ನು ಹೇಳಿದೆವು. ಒಂದು ದಿನ ಹೇಳಿದರೆ ಸಾಲದೆಂದು ತೋರಿತು. ಕೇಳುವವರು ದಿನದಿನಕ್ಕೂ ಬೇರೆ. ಅಂಗಡಿಯವರಿಂದ ಒಂದು ಕಿಲೋ ಅರಿಶಿನ ಕೊಂಡು ಪ್ರಸಾದದ ಅಡುಗೆಗೆ ಕೊಟ್ಟೆವು. ಹೊನ್ನಾಳಿಯ ಅತ್ತೆಯವರು ಬಸ್ಸಿನಲ್ಲಿ ಬಂದು, ಸೊಸೆಯನ್ನು ಕರೆದುಕೊಂಡು ಆ ಅಂಗಡಿಗೇ ಹೋಗಿ, ಎರಡು ಕಿಲೋ ಕಟ್ಟಿಸಿಕೊಂಡರು.

ಮನೆಯವರಿಗೆ ಕೆಲವು ಮಾತು

ತಾಯಂದಿರು ಸೂಕ್ಷ್ಮದರ್ಶಕ ಕೊಳ್ಳಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ಭೂತಗನ್ನಡಿಯೇ ಹಲವು ಕೆಲಸ ಮಾಡುತ್ತದೆ. ಸಾಸಿವೆಯ ಕಾಳು ನುಣುಪು. ಹಳದಿ ಹೂವಿನ ಮುಳ್ಳುಗಿಡವಾದ ಆರ್ಜಿಮೋನ್ ಬೀಜದ ಮೈ ಒರಟು. ಹಿಸುಕಿದರೆ ಸಾಸಿವೆಯ ಒಳಗು ಹಳದಿ, ಅದರದು ಬಿಳಿ. ಅದರ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ 1998ರಲ್ಲಿ ದೆಹಲಿಯಲ್ಲಿ ಜನ ಮೈ ಊದಿಕೊಂಡು ಸತ್ತರು. ಮೆಣಸಿನ ಕಾಳು ದುಂಡು, ಸುಕ್ಕು. ಅದರಲ್ಲಿ ಬೆರೆಸುವ ಪರಂಗಿ ಬೀಜ ಮೊಟ್ಟೆಯಾಕಾರ. ಇಷ್ಟನ್ನು ಕಣ್ಣು ಹೇಳಬಲ್ಲದು. ಬಣ್ಣ, ಸೀಸ, ಕೀಟನಾಶಕ ಇವುಗಳನ್ನು ಕಣ್ಣು ಹೇಳಲಾರದು. ಅವು ಪ್ರಯೋಗಶಾಲೆಯ ಪಾಲು. 1950ರಿಂದ ಮೈಸೂರಿನಲ್ಲಿರುವ ಆಹಾರ ಸಂಶೋಧನಾಲಯದಂಥ ಸಂಸ್ಥೆಗಳು ಇಂಥ ಪರೀಕ್ಷೆಗಳ ಕ್ರಮವನ್ನು ರೂಪಿಸಿವೆ.

ಬೆಳಕಿನ ಎಲ್ಲೆಯನ್ನೂ ಮನುಷ್ಯ ಹಾಗೆಯೇ ಬಿಟ್ಟು ಕುಳಿತಿಲ್ಲ. 1931ರಲ್ಲಿ ಜರ್ಮನಿಯ ರಸ್ಕಾ ಮತ್ತು ನೋಲ್ ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವ ಸೂಕ್ಷ್ಮದರ್ಶಕವನ್ನು ಕಟ್ಟಿದರು. ಹೊಳೆಯುವ ಅಣುಗಳನ್ನು ಸರದಿಯಂತೆ ಹೊತ್ತಿಸಿ ಆರಿಸಿ, ಅಬ್ಬೆಯ ಎಲ್ಲೆಯೊಳಗಿನ ವಿವರವನ್ನೂ ಬೆಳಕಿನಿಂದಲೇ ಬಿಡಿಸಿದ ಬೆಟ್ಜಿಗ್, ಹೆಲ್, ಮೋರ್ನರ್ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂದಿತು. ಅದಕ್ಕೂ ಬಹಳ ಮೊದಲು, 1928ರಲ್ಲಿ, ನಮ್ಮ ಸಿ. ವಿ. ರಾಮನ್ನರು ವಸ್ತುವಿನಿಂದ ಚೆದುರಿ ಬಂದ ಬೆಳಕಿನ ಬಣ್ಣದಲ್ಲಾಗುವ ಅತಿ ಸಣ್ಣ ವ್ಯತ್ಯಾಸವನ್ನು ಕಂಡುಹಿಡಿದಿದ್ದರು. ಅಣುವಿನ ಚಿತ್ರ ಕಾಣದಿದ್ದರೂ ಅದು ಯಾವ ಅಣುವೆಂದು ಆ ಬೆಳಕು ಹೇಳುತ್ತದೆ. ಅರಿಶಿನದಲ್ಲಿ ಅಡಗಿದ ಮೆಟಾನಿಲ್ ಬಣ್ಣವನ್ನೂ ಹೀಗೆ ಹಿಡಿಯಬಹುದು. ಎಲ್ಲೆ ಎಲ್ಲಿದೆಯೆಂದು ಮೊದಲು ಒಪ್ಪಿಕೊಂಡುದರಿಂದಲೇ ಅದರ ಆಚೆಯ ದಾರಿಗಳು ತೆರೆದವು.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಕಂಡದ್ದನ್ನು ಪ್ರಮಾಣಿಸದೆ ಮಾತಾಗಿಸಿದರೆ ಯಾರ ಮನೆಯ ಒಲೆ ಆರೀತೆಂಬುದನ್ನು ಕಳೆದ ಶ್ರಾವಣದಲ್ಲಿ ಕಲಿತೆವು. ಸೂಕ್ಷ್ಮದರ್ಶಕ ಈಗ ಮರಳಿ ಜಗಳೂರು ಸೇರಿದೆ. ಈ ವರ್ಷವೂ ಚನ್ನಗಿರಿಯ ಭಕ್ತರು ಕರೆದಿದ್ದಾರೆ. ಹೋದಾಗ ಮೊದಲು ಆ ಅಂಗಡಿಯ ಮುಂದೆ ಹಾಯ್ದು, ಸಂಜೆಯ ಹೊತ್ತು ಅಲ್ಲಿ ಎಷ್ಟು ಜನ ನಿಂತಿದ್ದಾರೆಂದು ನೋಡುವವರಿದ್ದೇವೆ.

ಶರಣು ಶರಣಾರ್ಥಿ.